ದೊಡ್ಡವ್ವ ತಿರುವಿನಲ್ಲಿ ತಿರುಗಲಿಲ್ಲ

ಹೋದ ವಾರ ನಮ್ಮ ಮನೆಯವರು ಒಂದು ಪ್ಲಾಸ್ಟಿಕ್ ಪೊಟ್ಟಣ ತಂದು ಊಟದ ಮೇಜಿನ ಮೇಲೆ ಇಟ್ಟರು. ಹೃದಯದ ಆರೋಗ್ಯಕ್ಕಾಗಿ ನಮ್ಮ ಚಿತ್ರದುರ್ಗದಲ್ಲಿ ವರ್ಷಕ್ಕೊಮ್ಮೆ ನಡೆಯುವ ನಡಿಗೆಗೆ ಹೆಸರು ಕೊಟ್ಟವರಿಗೆಲ್ಲ ಹಂಚುವ ಕೆಂಪು ಟೀ ಶರ್ಟು ಅದರಲ್ಲಿತ್ತು. ಪೊಟ್ಟಣ ಹರಿದದ್ದೇ ತಡ, ಎದೆಯ ಮೇಲೆ ಅಚ್ಚು ಹಾಕಿದ ಬಿಳಿ ಹೃದಯದ ಬಣ್ಣದ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹೊಸ ರಬ್ಬರಿಗೆ ಸೀಮೆಎಣ್ಣೆ ಸವರಿದಂಥ ವಾಸನೆ. "ಒಗೆದು ಹಾಕ್ಕೊ, ಮೈ ಕಡಿತ ಬಂದೀತು" ಎಂದರು ಅವರು. ನಾನು ಒಗೆಯಲಿಲ್ಲ. ಮಲ್ಲಿಗೆ ದಂಡೆ ಮೂಸಿದ ಹಾಗೆ ಅದನ್ನು ಮೂಸುತ್ತ ಕೂತುಬಿಟ್ಟೆ. ನಮ್ಮ ಎದುರುಮನೆಯ ದೊಡ್ಡವ್ವ ಒಂದು ಬೆಳಿಗ್ಗೆ ಇಂಥದೇ ಟೀ ಶರ್ಟನ್ನು ಸೀರೆಯ ಮೇಲೆ ತೊಟ್ಟು, ತುರುಬು ಕೊರಳಪಟ್ಟಿಗೆ ಸಿಕ್ಕಿಕೊಂಡು, "ಇದೇನು ಟೈರು ಸುಟ್ಟಂಗೆ ನಾರ್ತೈತೆ" ಎಂದು ಗೊಣಗಿದ್ದಳು…

ದೊಡ್ಡವ್ವನನ್ನು ಏಕವಚನದಲ್ಲೇ ಬರೆಯುತ್ತೇನೆ. ಬಹುವಚನ ಹಾಕಿದರೆ ಆಕೆ ಯಾರೋ ಸಭೆಯ ಅಧ್ಯಕ್ಷರಂತೆ ಕಂಡು ನನಗೇ ಗುರುತು ಸಿಗುವುದಿಲ್ಲ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಕಡೆಯ ಒಂದು ಹಳ್ಳಿ ಅವಳದು. ಹುಟ್ಟಿದ ಮನೆಯಲ್ಲೂ ಕುರಿ, ಕೊಟ್ಟ ಮನೆಯಲ್ಲೂ ಕುರಿ. ಸುಗ್ಗಿ ಮುಗಿದ ಮೇಲೆ ಗಂಡನ ಜೊತೆ ಹಿಂಡು ಹೊಡೆದುಕೊಂಡು ಹೊಳಲ್ಕೆರೆ ದಾಟಿ ನೀರಾವರಿ ಸೀಮೆಯ ತನಕ ಹೋಗುವುದು, ಯಾರದೋ ಗದ್ದೆಯಲ್ಲಿ ಗೊಬ್ಬರಕ್ಕೆಂದು ರಾತ್ರಿ ಮಂದೆ ತರುಬುವುದು, ಅಲ್ಲೇ ಒಂದು ಗುಡಿಸಲು ಎಬ್ಬಿಸಿ ನಾಲ್ಕು ದಿನ ಇದ್ದು ಮುಂದಿನ ಹೊಲಕ್ಕೆ ಹೊರಡುವುದು. ಅವಳ ಪ್ರಾಯವೆಲ್ಲ ಹೀಗೆ ದಾರಿಯ ಮೇಲೇ ಕಳೆದಿತ್ತು. ಗಂಡ ತೀರಿಹೋಗಿ, ಕುರಿಗಳು ದೊಡ್ಡ ಮಕ್ಕಳ ಪಾಲಿಗೆ ಹೋದ ಮೇಲೆ ಕಿರಿಮಗ ಅವಳನ್ನು ಪೇಟೆಗೆ ಕರೆತಂದ. ಅವನು ಸರ್ಕಾರಿ ಬಸ್ಸಿನ ಡ್ರೈವರ್. ಜೋಗಿಮಟ್ಟಿ ರಸ್ತೆಯ ನಮ್ಮ ಬಡಾವಣೆಯಲ್ಲಿ, ನಮ್ಮ ಮನೆಗೆ ಸರಿಯಾಗಿ ಎದುರು ಮನೆ ಕಟ್ಟಿಸಿದ್ದ.

ಪೇಟೆ ದೊಡ್ಡವ್ವನಿಗೆ ಹಿಡಿಸಲಿಲ್ಲ. ಮಾಡಲು ಕೆಲಸವಿಲ್ಲ, ಕೂತು ಅಭ್ಯಾಸವಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಬೀದಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದಳು. ಸಾಕಾದಾಗ ಗೇಟಿನ ಮುಂದೆ ಕೋಲು ಊರಿ, ಕೋಲಿನ ಮೇಲೆ ಎರಡೂ ಅಂಗೈ, ಅಂಗೈ ಮೇಲೆ ಗದ್ದ ಇಟ್ಟು ನಿಂತುಬಿಡುತ್ತಿದ್ದಳು. ಕುರಿ ಕಾಯುವವರು ದಣಿವಾರಿಸಿಕೊಳ್ಳುವುದೇ ಹಾಗಂತೆ, ಕೂತರೆ ಹಿಂಡು ಕಾಣುವುದಿಲ್ಲವಲ್ಲ. ಆಗ ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಬೆಳಿಗ್ಗೆ ಸ್ಕೂಟಿ ತೆಗೆಯುವಾಗ ಅವಳು, "ಹೊಂಟ್ರಾ ಮೇಡಮ್ಮಾರೆ" ಎನ್ನುತ್ತಿದ್ದಳು, ನಾನು ತಲೆ ಆಡಿಸುತ್ತಿದ್ದೆ. ನಮ್ಮ ಪರಿಚಯ ಬಹುಕಾಲ ಅಷ್ಟರಲ್ಲೇ ಇತ್ತು.

ಆಮೇಲೆ ನನಗೆ ಹಾರ್ಟ್ ಅಟ್ಯಾಕ್ ಆಯಿತು. ಇದನ್ನು ಬರೆಯುವಾಗ ಈಗಲೂ ಸ್ವಲ್ಪ ಅವಮಾನವೆನಿಸುತ್ತದೆ, ಏಕೆಂದರೆ ಹೆಂಗಸರಿಗೆ ಬರುವುದು ಗ್ಯಾಸು ಮಾತ್ರ ಎಂದು ನಾನೇ ಊರಿಗೆಲ್ಲ ಹೇಳಿಕೊಂಡು ತಿರುಗಿದವಳು. ಕಚೇರಿಯಲ್ಲಿ ಕೂತಿದ್ದಾಗ ದವಡೆ ಜಗ್ಗಿತು, ಬೆನ್ನು ಹಿಡಿಯಿತು. ಜೀರಿಗೆ ಸೋಡಾ ತರಿಸಿ ಕುಡಿದೆ. ತೇಗು ಬರಲಿಲ್ಲ, ಕಣ್ಣಿಗೆ ಕತ್ತಲೆ ಬಂತು. ಸಹೋದ್ಯೋಗಿಗಳು ಆಸ್ಪತ್ರೆಗೆ ಹಾಕಿದರು, ಅಲ್ಲಿಂದ ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಕಳಿಸಿದರು. ಅಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು ನಗುತ್ತ, "ಮಾತ್ರೆ ಬಿಡಬೇಡಿ, ದಿನಾ ಸ್ವಲ್ಪ ಸ್ವಲ್ಪ ನಡೆಯಿರಿ, ಹೆದರುವುದೇನೂ ಇಲ್ಲ" ಎಂದರು. ಹೆದರುವುದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಬಿಟ್ಟೆ.

ಯಾಕೆ ಎಂದು ಹೇಳಬೇಕು. ನನ್ನ ತವರು ಹೊಸದುರ್ಗ ತಾಲ್ಲೂಕಿನ ಬಾಗೂರು. ನನ್ನ ಅಪ್ಪ ಒಂದು ಬೆಳಿಗ್ಗೆ ಪೇಪರ್ ತರಲು ಬಸ್‌ಸ್ಟ್ಯಾಂಡಿಗೆ ಹೋದವರು ದಾರಿಯಲ್ಲೇ ಕುಸಿದು ಬಿದ್ದರು. ಅವರ ಹೃದಯವೂ ಹೀಗೇ ಕೈಕೊಟ್ಟಿತ್ತು. ಕುಡಿದು ಬಿದ್ದಿದ್ದಾರೆಂದು ತಿಳಿದು ಪರವೂರಿನ ಜನ ಪಕ್ಕದಲ್ಲೇ ದಾಟಿಕೊಂಡು ಹೋದರಂತೆ. ಕಾಫಿಯನ್ನೂ ಸೋಸಿ ಕುಡಿಯುತ್ತಿದ್ದ ಮನುಷ್ಯ ನನ್ನಪ್ಪ. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಸಾಯುವುದಕ್ಕಿಂತ ಹೆಚ್ಚಾಗಿ, ಬೀದಿಯಲ್ಲಿ ಬಿದ್ದು ಯಾರೂ ಎತ್ತದೆ ಸಾಯುತ್ತೇನೆಂಬ ಭಯ ನನ್ನನ್ನು ಹಿಡಿದುಕೊಂಡಿತ್ತು.

ಹಾಗಾಗಿ ನಾನು ಹೊಸ್ತಿಲು ದಾಟಲಿಲ್ಲ. ತಿಂಗಳುಗಳು ಕಳೆದವು. ತಪಾಸಣೆಗೆ ಹೋಗಬೇಕಾದಾಗ ಕಾರು ಗೇಟಿನೊಳಗೆ ಬಾಗಿಲ ತನಕ ಬರಬೇಕು, ಇಬ್ಬರು ಹಿಡಿದುಕೊಳ್ಳಬೇಕು. ನಮ್ಮ ಮನೆಯವರು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮಕ್ಕಳ ಕೈಯಲ್ಲಿ ಮಾಡಿಸಿದ ಹೃದಯದ ಮಾದರಿಯೊಂದನ್ನು ಶಾಲೆಯಿಂದ ತಂದು, ಹೃದಯವೆಂದರೆ ಬರೀ ಸ್ನಾಯು, ಕೆಲಸ ಕೊಟ್ಟಷ್ಟೂ ಗಟ್ಟಿಯಾಗುತ್ತದೆ ಎಂದು ಬಾಯಿ ನೋಯುವಷ್ಟು ಪಾಠ ಮಾಡಿದರು. ನಾನು ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡು ನಾಡಿ ನೋಡುತ್ತ ಪಾಠ ಕೇಳಿದೆ. ರಜೆ ತೀರುತ್ತ ಬಂದಿತ್ತು. ಕಚೇರಿಯಿಂದ ಎರಡು ಸಲ ಫೋನ್ ಬಂತು. ಕೆಲಸ ಬಿಟ್ಟುಬಿಡುತ್ತೇನೆ ಎಂದೆ. ಅವರು ಎದ್ದು ಹೋಗಿ ಪಾತ್ರೆ ತೊಳೆದರು. ಸಿಟ್ಟು ಬಂದಾಗ ಅವರು ಮಾಡುವುದು ಅದನ್ನೇ.

ಆ ದಿನಗಳಲ್ಲಿ ದೊಡ್ಡವ್ವ ನಮ್ಮ ಮನೆಗೆ ಬರಲು ಶುರು ಮಾಡಿದಳು. ಮಧ್ಯಾಹ್ನದ ಹೊತ್ತು ಬಂದು ನಡುಮನೆಯ ಗೋಡೆಗೆ ಒರಗಿ ಕೂರುತ್ತಿದ್ದಳು. ಬುದ್ಧಿ ಹೇಳಲಿಲ್ಲ, ಅದೇ ದೊಡ್ಡ ಸಮಾಧಾನ. ಬೇರೆ ಬಂದವರೆಲ್ಲ ಎಣ್ಣೆ ಬಿಡಿ, ಬೆಳ್ಳುಳ್ಳಿ ತಿನ್ನಿ, ಧ್ಯಾನ ಮಾಡಿ ಎನ್ನುತ್ತಿದ್ದರು. ಇವಳು ಕುರಿಗಳ ಕಥೆ ಹೇಳುತ್ತಿದ್ದಳು. ತೋಳ ಹೊಕ್ಕ ರಾತ್ರಿ ಹಿಂಡು ಚದುರಿದ್ದು, ಕತ್ತೆಯ ಮೇಲಿನ ಜಾಲರಿಚೀಲದಲ್ಲಿ ಎಳೆ ಮರಿಗಳನ್ನು ಹಾಕಿಕೊಂಡು ಹೋಗುತ್ತಿದ್ದುದು, ಹೀಗೆ. ಒಂದು ದಿನ ನಾನೇ ಬಾಯಿಬಿಟ್ಟು ಅಪ್ಪನ ವಿಷಯ ಹೇಳಿದೆ. ಹೊರಗೆ ಕಾಲಿಟ್ಟರೆ ನಾನೂ ಹಾಗೇ ಬೀಳುತ್ತೇನೆ ದೊಡ್ಡವ್ವ ಎಂದೆ. ಅವಳು, "ಒಂಟಿ ಕುರಿ ನಡಿಯಾಕಿಲ್ಲ ಕಣವ್ವ, ಹೊಡುದ್ರೂ ನಡಿಯಾಕಿಲ್ಲ" ಎಂದಳು. ಅಷ್ಟೇ. ಎದ್ದು ಸೆರಗು ಕೊಡವಿಕೊಂಡು ಹೋದಳು.

ಹೀಗಿರುವಾಗ ಒಂದು ದಿನ ನಮ್ಮ ಬೀದಿಯಲ್ಲಿ ಮೈಕು ಕಟ್ಟಿದ ಆಟೋ ಬಂತು. ಊರಿನ ಕೆಲವು ಡಾಕ್ಟರುಗಳೂ ಯುವಕರ ಸಂಘದವರೂ ಸೇರಿ ಹೃದಯದ ಆರೋಗ್ಯಕ್ಕಾಗಿ ಒಂದು ನಡಿಗೆ ಇಟ್ಟುಕೊಂಡಿದ್ದಾರೆ, ಬಂದ ಹಣ ಹೃದಯದ ಕಾಯಿಲೆಯ ಬಡಮಕ್ಕಳ ಆಪರೇಷನ್ನಿಗೆ ಹೋಗುತ್ತದೆ, ನಿಮ್ಮ ಪ್ರೀತಿಪಾತ್ರರ ಹೆಸರಿನಲ್ಲಿ ನೀವೂ ಹೆಜ್ಜೆ ಹಾಕಿ, ಬನ್ನಿ. ಆಟೋ ಹಾಗೆ ಕೂಗಿಕೊಂಡು ಹೋಯಿತು. ಸಂಜೆ ದೊಡ್ಡವ್ವ ನಮ್ಮ ಮನೆಯವರನ್ನು ಗೇಟಿನಲ್ಲೇ ಹಿಡಿದಳು.

"ಮೇಷ್ಟ್ರೆ, ಆ ಹರಕೆಗೆ ನನ್ ಹೆಸರೂ ಬರೆಸ್ರಿ."

ಅದು ಹರಕೆಯಲ್ಲ ಎಂದು ಅವರು ಹೇಳಬೇಕಿತ್ತು. ಹೇಳಲಿಲ್ಲ. ದಿನವಿಡೀ ಶಾಲೆಯಲ್ಲಿ ಕೂಗಿ ಬಂದ ಮನುಷ್ಯ, ಹೂಂ ಎಂದುಬಿಟ್ಟರು. ದೊಡ್ಡವ್ವನ ಲೆಕ್ಕ ಮಾತ್ರ ಸ್ಪಷ್ಟವಾಗಿತ್ತು. ಕಾಯಿಲೆ ಬಿದ್ದವರ ಹೆಸರಿನಲ್ಲಿ ನಾಲ್ಕು ಜನ ಸೇರಿ ನಡೆಯುತ್ತಾರೆಂದರೆ ಅದಕ್ಕೆ ಬೇರೆ ಹೆಸರಿರಲು ಸಾಧ್ಯವೇ? ಅವರ ಕಡೆ ಹರಕೆ ಹೊತ್ತು ನಡೆಯುವುದಕ್ಕೆ ಕಟ್ಟುಪಾಡುಗಳಿದ್ದವು. ತಲೆಗೆ ನೀರು ಹಾಕಿಕೊಂಡು ಬರಿಗಾಲಲ್ಲಿ ಹೊರಡಬೇಕು. ಮುಗಿಯುವ ತನಕ ಹನಿ ನೀರೂ ಮುಟ್ಟಬಾರದು. ಬಂದ ದಾರಿಯಲ್ಲಿ ಹಿಂದಕ್ಕೆ ತಿರುಗಬಾರದು. ಕೊನೆಗೆ, ಯಾರ ಹೆಸರಿನಲ್ಲಿ ನಡೆದರೋ ಅವರು ನಡೆದವರ ಕಾಲಿಗೆ ನೀರು ಹಾಕಿ, ಕುಡಿಯಲು ನೀರು ಕೊಡಬೇಕು. ಇದೆಲ್ಲ ನಮಗೆ ಆಗ ಗೊತ್ತಿರಲಿಲ್ಲ.

ಆ ದಿನದ ಅರ್ಧ ಕಥೆಯನ್ನು ನಾನು ಕಂಡಿಲ್ಲ, ನಮ್ಮ ಮನೆಯವರ ಬಾಯಿಂದ ಕೇಳಿದ್ದು. ಅವರು ಹೇಳುವಾಗೆಲ್ಲ ಒಂದಿಷ್ಟು ಒಗ್ಗರಣೆ ಸೇರುತ್ತದೆ, ಆದರೂ ಬೇಳೆ ನಿಜವೇ. ಬೆಳಕು ಹರಿಯುವಾಗ ಇಬ್ಬರೂ ಮೈದಾನಕ್ಕೆ ಹೋದರಂತೆ. ದೊಡ್ಡವ್ವನ ಒದ್ದೆ ತಲೆ, ಹಣೆಗೆ ವಿಭೂತಿ, ಸೀರೆಯ ಮೇಲೆ ಕೆಂಪು ಟೀ ಶರ್ಟು, ಮಡಿಲಲ್ಲಿ ತೆಂಗಿನಕಾಯಿ. ಬೆನ್ನಿಗೆ ಅಂಟಿಸುವ ಚೀಟಿಯಲ್ಲಿ ಯಾರಿಗಾಗಿ ನಡೆಯುತ್ತೀರಿ ಎಂದು ಬರೆಯಲು ಜಾಗವಿತ್ತು. ಮೇಜಿನ ಹಿಂದಿದ್ದ ಹುಡುಗಿಗೆ ದೊಡ್ಡವ್ವ ನನ್ನ ಹೆಸರು ಹೇಳಿ ಬರೆಸಿದಳು. ವೇದಿಕೆಯ ಮೇಲೆ ಒಬ್ಬಳು ತರಬೇತುದಾರಳು ಹಾಡು ಹಾಕಿ ಎಲ್ಲರ ಕೈಕಾಲು ಆಡಿಸುತ್ತಿದ್ದಳಂತೆ. ದೊಡ್ಡವ್ವ ಅದು ಯಾವುದೋ ಪೂಜೆಯೆಂದು ಕೈಮುಗಿದು ನಿಂತಿದ್ದಳು. ಆಮೇಲೆ ಕಾಯಿ ಎಲ್ಲಿ ಒಡೆಯಬೇಕೆಂದು ಕೇಳಿದಳು. ಬಾವುಟ ಹಿಡಿದು ನಿಂತಿದ್ದ ಅತಿಥಿಗಳು ಒಳ್ಳೆಯವರಿರಬೇಕು, ಇಲ್ಲೇ ಒಡೆಯಿರಿ ಎಂದು ಜಾಗ ಬಿಟ್ಟರು. ಕಾಯಿ ಸಮನಾಗಿ ಎರಡು ಹೋಳಾಯಿತು. ನಡಿಗೆ ಶುರುವಾಯಿತು.

ದಾರಿ ಮೈದಾನದಿಂದ ಜೋಗಿಮಟ್ಟಿಯ ಬುಡದ ತನಕ, ಮತ್ತೆ ಅದೇ ದಾರಿಯಲ್ಲಿ ಮೈದಾನಕ್ಕೆ. ಮೊದಲರ್ಧ ತಕರಾರಿಲ್ಲದೆ ಸಾಗಿತು. ಗ್ಲೂಕೋಸ್ ನೀರು ಕೊಟ್ಟರೆ ಬೇಡವೆಂದಳು, ಬಾಳೆಹಣ್ಣು ಕೊಟ್ಟರೆ ಕಣ್ಣಿಗೊತ್ತಿಕೊಂಡು ಮಡಿಲಿಗೆ ಹಾಕಿಕೊಂಡಳು. ಬಿಸಿಲು ಏರುತ್ತಿತ್ತು, ಡಾಂಬರು ಕಾಯುತ್ತಿತ್ತು. ಹೊಲದ ದಾರಿಯಲ್ಲಿ ಪಳಗಿದ ಕಾಲಿಗೆ ಡಾಂಬರಿನ ಅಭ್ಯಾಸವಿರಲಿಲ್ಲ. ಚಪ್ಪಲಿ ಹಾಕಿಕೊಳ್ಳಿ ಎಂದು ನಮ್ಮ ಮನೆಯವರು ತಮ್ಮದನ್ನೇ ಬಿಚ್ಚಲು ಹೋದರಂತೆ. ಅವಳು ತಿರುಗಿಯೂ ನೋಡಲಿಲ್ಲ. ಬೆಟ್ಟದ ಬುಡದಲ್ಲಿ ರಸ್ತೆಯ ನಡುವೆ ಕಿತ್ತಳೆ ಬಣ್ಣದ ಶಂಕುಗಳನ್ನು ಇಟ್ಟು, ಸೀಟಿ ಹಿಡಿದ ಸ್ವಯಂಸೇವಕನೊಬ್ಬ ಎಲ್ಲರನ್ನೂ ಹಿಂದಕ್ಕೆ ತಿರುಗಿಸುತ್ತಿದ್ದ.

"ಗುಡಿ ಎಲ್ಲೈತಪ್ಪ?" ಎಂದು ಕೇಳಿದಳು ದೊಡ್ಡವ್ವ.

"ಗುಡಿ ಇಲ್ಲ ಅಜ್ಜಿ. ಇಲ್ಲಿಂದ ವಾಪಸ್ ಹೋಗ್ರಿ."

"ವಾಪಸ್ಸಾ? ಬಂದ ದಾರೀಲಿ ವಾಪಸ್ ಹೋದ್ರೆ ಹರಕೇನೂ ವಾಪಸ್ ಹೋಗ್ತೈತೆ. ಯಾರ್ ಹೇಳಿದ್ರು ನಿಂಗೆ?"

ಸೀಟಿಯವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಬೆಟ್ಟದ ಮೇಲಿನ ಗಾಳಿಯಂತ್ರ ನೋಡಿದರು. ಆಗ ದೊಡ್ಡವ್ವನೇ ತೀರ್ಮಾನ ಕೊಟ್ಟಳು. "ಕುರಿ ಹಿಂದೆ ಪರವೂರಾಗೆ ಇದ್ದಾಗ ಗುಡಿ ಎಲ್ಲಿಂದ ತರಾಣ? ಕಾಯಿಲೆ ಬಿದ್ದೋರ ಗುಡ್ಲು ಬಾಗ್ಲಿಗೇ ಹೋಗಿ ಮುಗಿಸ್ತಿದ್ವಿ. ನಡೀರಿ ಮೇಷ್ಟ್ರೆ, ನಿಮ್ ಮನೆಗೆ ಹೋಗಾಣ." ಹೀಗೆಂದವಳೇ ಶಂಕುಗಳ ನಡುವೆ ನುಗ್ಗಿ, ಪಕ್ಕದ ಮಣ್ಣುದಾರಿ ಹಿಡಿದಳು. ಅದು ಬಳಸಿಕೊಂಡು ನಮ್ಮ ಬಡಾವಣೆಗೆ ಬರುವ ದಾರಿ. ಸೀಟಿ ಊದಿದರೂ ಕೇಳಿಸಿಕೊಳ್ಳಲಿಲ್ಲ. ತಮಾಷೆಯೆಂದರೆ ಹಿಂದೆ ಬರುತ್ತಿದ್ದವರಲ್ಲಿ ಕೆಲವರು, ಮುಂದಿನವರು ಹೋದದ್ದೇ ದಾರಿಯೆಂದು ತಲೆ ತಗ್ಗಿಸಿಕೊಂಡು ಅವಳನ್ನು ಹಿಂಬಾಲಿಸಿದರು. ನಿವೃತ್ತರ ಒಂದು ಗುಂಪು, ನರ್ಸಿಂಗ್ ಕಾಲೇಜಿನ ನಾಲ್ಕಾರು ಹುಡುಗಿಯರು. ಬಹಳ ವರ್ಷಗಳ ಮೇಲೆ ದೊಡ್ಡವ್ವನ ಬೆನ್ನಿಗೆ ಒಂದು ಹಿಂಡು ಬಿದ್ದಿತ್ತು.

ಇಲ್ಲಿಂದ ಮುಂದಿನದು ನಾನೇ ಕಂಡದ್ದು. ಕಿಟಕಿಯ ಬಳಿ ಕೂತಿದ್ದೆ. ಬೀದಿಯ ತಿರುವಿನಲ್ಲಿ ಕೆಂಪು ಕೆಂಪಾಗಿ ಜನ ಬಂದರು. ಮುಂದೆ ದೊಡ್ಡವ್ವ, ಪಕ್ಕದಲ್ಲಿ ಬೆವರಿ ತೊಪ್ಪೆಯಾದ ನಮ್ಮ ಮನೆಯವರು. ದೊಡ್ಡವ್ವ ನಮ್ಮ ಗೇಟಿನ ಹೊರಗೆ ರಸ್ತೆಯ ಮೇಲೆ ನಿಂತಳು. ಕೋಲನ್ನು ಆ ದಿನ ತಂದಿರಲಿಲ್ಲ, ಬರಿಗೈ.

"ಬಾ ದೊಡ್ಡವ್ವ, ಒಳಗೆ ಬಂದು ಕೂತ್ಕೊ" ಎಂದು ಕಿಟಕಿಯಿಂದಲೇ ಕೂಗಿದೆ.

"ಕಾಲಿಗೆ ನೀರು ಬೀಳ್ದೆ ಹೆಂಗ್ ಬರಲಿ? ನೀರು ತಗಂಡು ನೀನ್ ಬಾ."

ನಮ್ಮ ಮನೆಯವರು ಓಡಿಬಂದು ಚೆಂಬಿನಲ್ಲಿ ನೀರು ಒಯ್ದರು. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. "ನಾನ್ ನಡ್ದಿದ್ದು ನಿಮ್ ಹೆಸರಲ್ಲಲ್ಲ ಮೇಷ್ಟ್ರೆ" ಎಂದಳು. ಅವರು ಚೆಂಬು ಹಿಡಿದುಕೊಂಡು ಒಳಗೆ ಬಂದು, ಹರಕೆಯ ಕಟ್ಟುಪಾಡು ಹೀಗಂತೆ, ಅವಳು ನಿನ್ನೆ ರಾತ್ರಿಯಿಂದ ನೀರು ಕುಡಿದಿಲ್ಲ ಎಂದು ನನಗೆ ಹೇಳಿದರು. ನಾನು ಹೊಸ್ತಿಲ ಒಳಗೆ ನಿಂತೆ. ಅಲ್ಲಿಂದ ಗೇಟಿಗೆ ಹತ್ತು ಹೆಜ್ಜೆ ಇದ್ದರೆ ಹೆಚ್ಚು. ಬೆರಳು ತಾನಾಗಿಯೇ ಮಣಿಕಟ್ಟಿಗೆ ಹೋಯಿತು. "ನನ್ನ ಕೈಲಿ ಆಗಲ್ಲ ದೊಡ್ಡವ್ವ" ಎಂದೆ. ಅವಳು ಸಿಟ್ಟಾಗಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಇನ್ನೊಂದಿಷ್ಟು ಹೊತ್ತು ನಿಂತರಾಯಿತು ಎನ್ನುವಂತೆ ಅಲ್ಲೇ ನಿಂತಳು.

ಆಮೇಲೆ ಅವಳ ಕಾಲಿನ ಕಡೆ ನೋಡಿದೆ. ಹಿಮ್ಮಡಿಯ ಬಿರುಕುಗಳಲ್ಲಿ ರಕ್ತ ಒಸರಿತ್ತು. ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಮುಖ ಬಿಳಚಿಕೊಂಡಿತ್ತು. ನೋಡನೋಡುತ್ತಿದ್ದ ಹಾಗೆ ಅವಳ ಕೈ ಆಸರೆಗೆ ತಡವಿ ಗೇಟಿನ ಕಂಬ ಹಿಡಿಯಿತು. ಈಕೆ ಬೀಳುತ್ತಾಳೆ ಎನ್ನಿಸಿತು ನನಗೆ. ನನ್ನಪ್ಪ ಬಿದ್ದ ಹಾಗೆ ಬೀದಿಯಲ್ಲಿ ಬೀಳುತ್ತಾಳೆ, ನಾನು ಒಳಗೆ ನಿಂತು ನೋಡುತ್ತಿರುತ್ತೇನೆ. ಆ ಯೋಚನೆಯನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಚೆಂಬು ಕಿತ್ತುಕೊಂಡೆ. ಚಪ್ಪಲಿ ಎಲ್ಲಿದೆಯೋ ಗೊತ್ತಿರಲಿಲ್ಲ, ಎಷ್ಟೋ ದಿನದಿಂದ ಬೇಕಾಗಿರಲಿಲ್ಲ. ಬರಿಗಾಲಲ್ಲೇ ಹೊಸ್ತಿಲು ದಾಟಿದೆ, ಮೆಟ್ಟಿಲು ಇಳಿದೆ, ಗೇಟು ತೆಗೆದು ರಸ್ತೆಗೆ ಬಂದೆ. ಅವಳ ಕಾಲಿಗೆ ನೀರು ಹಾಕುವಾಗ ಅರ್ಧ ನೀರು ನನ್ನ ಸೀರೆಗೇ ಬಿತ್ತು. ಉಳಿದದ್ದನ್ನು ಕುಡಿಯಲು ಕೊಟ್ಟೆ. ಗಟಗಟ ಕುಡಿದು ಬಾಯಿ ಒರೆಸಿಕೊಂಡು, ಮಡಿಲಲ್ಲಿದ್ದ ಬಾಳೆಹಣ್ಣು ತೆಗೆದು ನನ್ನ ಕೈಗೆ ಹಾಕಿದಳು. ನಾನು ರಸ್ತೆಯ ಮೇಲೆ ನಿಂತಿದ್ದೆ. ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ನಾನು ಬಿದ್ದಿರಲಿಲ್ಲ. ಅಳು ಬಂತು, ಅತ್ತೆ. ಆ ಟೀ ಶರ್ಟಿನ ಎದೆಗೆ ಮುಖ ಒತ್ತಿಕೊಂಡು ಅತ್ತೆ. ಅದಕ್ಕೇ ಆ ವಾಸನೆ ಇಷ್ಟು ಗಟ್ಟಿಯಾಗಿ ನೆನಪಿನಲ್ಲಿ ಉಳಿದಿರುವುದು.

ಹಿಂದೆ ನಿಂತಿದ್ದ ನರ್ಸಿಂಗ್ ಹುಡುಗಿಯರು, ಏನು ನಡೆಯುತ್ತಿದೆ ಎಂದು ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು. "ಚಪ್ಪಾಳೆ ಯಾಕೆ, ಮಜ್ಜಿಗೆ ಕೊಡ್ತಾಳೆ, ಕುಂತ್ಕಳ್ರಿ" ಎಂದು ದೊಡ್ಡವ್ವ ನನ್ನ ಮನೆಯ ಮಜ್ಜಿಗೆಯನ್ನು ಧಾರಾಳವಾಗಿ ದಾನ ಮಾಡಿದಳು. ಅಷ್ಟರಲ್ಲಿ ಸೀಟಿಯವನು ಬೈಕಿನಲ್ಲಿ ಬಂದು, ನೀವು ಯಾರೂ ಗೆರೆ ಮುಟ್ಟಿಲ್ಲ, ನಿಮಗೆ ಪದಕ ಕೊಡಲು ಬರುವುದಿಲ್ಲ ಎಂದು ಗೋಳಾಡಿದ. ಅವನಿಗೂ ಒಂದು ಲೋಟ ಮಜ್ಜಿಗೆ ಸಿಕ್ಕಿತು. ಕುಡಿದು ಸುಮ್ಮನಾದ.

ಸಂಜೆಯ ಹೊತ್ತಿಗೆ ದೊಡ್ಡವ್ವನ ಅಂಗಾಲಲ್ಲಿ ಬೊಬ್ಬೆ ಎದ್ದಿದ್ದವು. ಮಗನಿಗೆ ಡ್ಯೂಟಿ ಇತ್ತು, ಸೊಸೆ ತವರಿಗೆ ಹೋಗಿದ್ದಳು. ಮುಲಾಮು ಹಚ್ಚಲು ಯಾರು ಹೋಗಬೇಕು? ನಾನೇ ಹೋದೆ, ನಮ್ಮ ಮನೆಯವರ ತೋಳು ಹಿಡಿದುಕೊಂಡು, ರಸ್ತೆಯ ಆಚೆಗೆ. ಮರುದಿನ ಒಬ್ಬಳೇ ಹೋದೆ. ಅವಳ ಕಾಲು ಮಾಗುವ ಹೊತ್ತಿಗೆ ರಸ್ತೆ ದಾಟುವುದು ನನಗೆ ರೂಢಿಯಾಗಿತ್ತು. ಆಮೇಲೆ ಇಬ್ಬರೂ ಬೆಳಿಗ್ಗೆ ಒಟ್ಟಿಗೆ ಹೊರಡತೊಡಗಿದೆವು. ಮೊದಲು ಹಾಲಿನ ಡೈರಿಯ ತನಕ, ಆಮೇಲೆ ನೀರಿನ ಟ್ಯಾಂಕಿನ ತನಕ. ನಾನು ನಿಂತರೆ ಅವಳೂ ನಿಲ್ಲುತ್ತಿದ್ದಳು. ಬೇಗ ನಡಿ ಎಂದು ಒಮ್ಮೆಯೂ ಅನ್ನಲಿಲ್ಲ. "ಗಬ್ಬದ ಕುರಿ ಎಷ್ಟು ನಡೀತೈತೋ ಹಿಂಡೂ ಅಷ್ಟೇ ನಡಿಯೋದು" ಎನ್ನುತ್ತಿದ್ದಳು. ನನಗೆ ಗಬ್ಬದ ಕುರಿ ಎಂದೇ ಹೆಸರಾಯಿತು. ಬೀದಿಯ ಹೆಂಗಸರ ಮುಂದೆಯೂ ಹಾಗೇ ಕರೆಯುತ್ತಿದ್ದಳು, ನನ್ನ ವಯಸ್ಸಿಗೆ ಅದು ಶೋಭಿಸುತ್ತದೆಯೇ ಎಂಬ ಚಿಂತೆ ಅವಳಿಗಿರಲಿಲ್ಲ. ರಜೆ ಮುಗಿಯುವ ಮುಂಚೆಯೇ ನಾನು ಕಚೇರಿಗೆ ಹೋದೆ. ಅಲ್ಲಿ ಎಲ್ಲರೂ ಎದ್ದು ನಿಂತಾಗ, ಬರೀ ಫೈಲು ನೋಡಲು ಬಂದಿದ್ದೇನೆ ಎಂದು ಗದರಿ ಕೂತೆ.

ಈ ಕಥೆ ಕೇಳಿದವರಲ್ಲಿ ಅನೇಕರು, ಮುದುಕಿ ಭಾರಿ ಜಾಣೆ, ನಿನ್ನನ್ನು ಹೊರಗೆ ತರಲೆಂದೇ ನಾಟಕ ಹೂಡಿದ್ದಾಳೆ ಎನ್ನುತ್ತಾರೆ. ಅಲ್ಲ. ದೊಡ್ಡವ್ವನಿಗೆ ನಾಟಕ ಬರುತ್ತಿರಲಿಲ್ಲ. ಅವಳು ನಿಜವಾಗಿಯೂ ತಪ್ಪು ತಿಳಿದಿದ್ದಳು. ಮರುವರ್ಷವೂ ಕಾಯಿ ಹಿಡಿದುಕೊಂಡೇ ಹೊರಟಳು, ತಿರುವಿನಲ್ಲಿ ಮತ್ತೆ ತಕರಾರು ತೆಗೆದಳು, ಆ ಸಲ ಪಕ್ಕದಲ್ಲಿ ನಡೆಯುತ್ತಿದ್ದವಳು ನಾನು. ಸಂಘದವರು ಅವಳ ಪಾಲಿಗೆ ನಮ್ಮ ಮನೆಯ ಗೇಟೇ ಕೊನೆಯ ಗೆರೆ ಎಂದು ಒಪ್ಪಿಕೊಂಡು, ಪದಕವನ್ನು ಅಲ್ಲಿಗೇ ಕಳಿಸಿದರು. ಸರಿಯಾಗಿ ತಿಳಿದ ಎಷ್ಟೋ ಜನ ನನಗೆ ಸರಿಯಾದದ್ದನ್ನೇ ಹೇಳಿದ್ದರು. ಡಾಕ್ಟರು ಜೀವ ಉಳಿಸಿದರು, ಅದನ್ನು ನಾನು ಮರೆಯುವವಳಲ್ಲ. ಆದರೆ ಉಳಿದ ಜೀವವನ್ನು ಬೀದಿಗೆ ತಂದದ್ದು ದೊಡ್ಡವ್ವನ ಆ ತಪ್ಪು ತಿಳಿವಳಿಕೆ. ತಿಂಗಳುಗಟ್ಟಲೆ ಬರೀ ತಲೆ ಆಡಿಸಿ ಹೋಗುತ್ತಿದ್ದ ಒಬ್ಬ ನೆರೆಯವಳಿಗಾಗಿ ಅವಳು ಅಂಗಾಲು ಸುಟ್ಟುಕೊಂಡಳು. ಯಾಕೆ ದೊಡ್ಡವ್ವ ಎಂದು ಒಮ್ಮೆ ಕೇಳಿದ್ದೆ. "ಎದುರು ಮನೆ ಅಲ್ವಾ" ಎಂದಿದ್ದಳು. ಅದಕ್ಕಿಂತ ದೊಡ್ಡ ಕಾರಣ ಅವಳ ಬಳಿ ಇರಲಿಲ್ಲ…

ಆಮೇಲಿನ ವರ್ಷಗಳು ಬೇಗ ಹೋದವು. ನಡೆಯುತ್ತಿದ್ದ ದೊಡ್ಡವ್ವ ನಿಧಾನವಾದಳು. ಒಂದು ಚಳಿಗಾಲ ಜ್ವರ ಬಂದು ಕಫ ಕಟ್ಟಿ, ಹಾಸಿಗೆ ಹಿಡಿದಳು. ಮಗ ಆಸ್ಪತ್ರೆಯಲ್ಲಿ ಇಟ್ಟು ನೋಡಿಕೊಂಡ, ಚೆನ್ನಾಗಿಯೇ ನೋಡಿಕೊಂಡ, ಆದರೆ ಮೈ ಸೋತಿತ್ತು. ಮನೆಗೆ ಕರೆತಂದ ಮೇಲೆ ನಾನು ದಿನಾ ಸಂಜೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಒಂದು ಸಂಜೆ, ಅವರ ಊರಿನ ದೇವರ ಗುಡಿಗೆ ಬರಿಗಾಲಲ್ಲಿ ನಡೆದು ಬರುತ್ತೇನೆ, ನಿನ್ನ ಹೆಸರಿನಲ್ಲಿ, ಎಂದೆ. ನಾನು ಅಂಥದ್ದನ್ನು ನಂಬುವವಳಲ್ಲ. ಆದರೂ ಎಂದೆ, ಮನಸ್ಸಿಟ್ಟೇ ಎಂದೆ.

ದೊಡ್ಡವ್ವ ಕಣ್ಣು ತೆರೆದು ನನ್ನ ಕೈ ಹಿಡಿದುಕೊಂಡಳು. "ಬ್ಯಾಡ ಕಣವ್ವ. ಹೊಂಟೋರ ಹೆಸರಲ್ಲಿ ಹರಕೆ ಹೊರಬಾರ್ದು. ದಾರೀಗೆ ಅಡ್ಡ ನಿಂತಂಗಾಗ್ತೈತೆ."

ನಾನು ಅಡ್ಡ ನಿಲ್ಲಲಿಲ್ಲ. ಕೆಲವು ದಿನಗಳ ಮೇಲೆ ಅವಳು ಹೋದಳು. ಜವನಗೊಂಡನಹಳ್ಳಿ ಕಡೆಯ ಆ ಹಳ್ಳಿಗೇ ಒಯ್ದು, ಹೊಲದಲ್ಲಿ ಗಂಡನ ಪಕ್ಕ ಮಣ್ಣು ಮಾಡಿದರು. ಹೊಲದ ಬದುವಿನ ಆಚೆ ದೊಡ್ಡ ಮಗನ ಕುರಿಗಳು ಮೇಯುತ್ತಿದ್ದವು. ನಾನು ಒಂದು ಹಿಡಿ ಮಣ್ಣು ಹಾಕಿ, ಕಾರು ನಿಂತಲ್ಲಿಯ ತನಕ ಯಾರ ತೋಳನ್ನೂ ಹಿಡಿಯದೆ ನಡೆದು ಬಂದೆ. ಅವಳು ನೋಡಿದ್ದರೆ ಅದನ್ನೇ ಮೆಚ್ಚುತ್ತಿದ್ದಳು ಎಂದು ನನಗೆ ಗೊತ್ತು.

ಈ ಭಾನುವಾರ ನಡಿಗೆ ಮುಗಿಯಿತು. ನಾನು ಎಲ್ಲರಂತೆ ತಿರುವಿನಲ್ಲಿ ತಿರುಗಿ, ಮೈದಾನಕ್ಕೆ ಹೋಗಿ, ಗೆರೆ ಮುಟ್ಟಿ, ಪದಕ ಹಾಕಿಸಿಕೊಂಡು ಮನೆಗೆ ಬಂದೆ. ಎದುರು ಮನೆಯಲ್ಲಿ ಈಗ ಬಾಡಿಗೆಯವರಿದ್ದಾರೆ, ದೊಡ್ಡವ್ವನ ಮಗನಿಗೆ ಹಿರಿಯೂರಿಗೆ ವರ್ಗವಾಗಿದೆ. ದೊಡ್ಡವ್ವ ಇದ್ದಾಗ, ನಾನು ಒಬ್ಬಳೇ ಎಲ್ಲಿಗಾದರೂ ಹೋಗಿ ಬಂದರೆ ನಮ್ಮ ಗೇಟಿನಲ್ಲಿ ನಿಂತು ಬಂದೆ ಎಂದು ಕೂಗಬೇಕಿತ್ತು. ಕೂಗುವ ತನಕ ಅವಳು ಊಟಕ್ಕೆ ಏಳುತ್ತಿರಲಿಲ್ಲ. ಕೂಗಿದ ಮೇಲೆ ಒಳಗಿನಿಂದಲೇ, "ಎದೆ ಏನಂತೈತೆ?" ಎಂದು ಕೇಳುತ್ತಿದ್ದಳು. ಚೆನ್ನಾಗೈತೆ ಎಂದರೆ ಮುಗಿಯಿತು. ಭಾನುವಾರ ಆ ಗೇಟಿನ ಚಿಲಕ ತೆಗೆಯುತ್ತಿದ್ದಂತೆ ಬಾಯಿ ತಾನಾಗಿಯೇ, "ಬಂದೆ ದೊಡ್ಡವ್ವ" ಎಂದಿತು, ಗಟ್ಟಿಯಾಗಿಯೇ. ಎದುರು ಮನೆಯ ಹುಡುಗಿ ಪೊರಕೆ ಹಿಡಿದುಕೊಂಡು ಹೊರಗೆ ಬಂದಳು.

"ಕರೆದ್ರಾ ಆಂಟಿ?"

"ಇಲ್ಲಮ್ಮ, ನಿನ್ನನ್ನಲ್ಲ" ಎಂದೆ.

ಅವಳು ಒಳಗೆ ಹೋದಳು. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಎದೆ ಚೆನ್ನಾಗಿತ್ತು, ದೊಡ್ಡವ್ವ. ಕೇಳುವವಳು ಇರಲಿಲ್ಲ.